ಸೂರಮ್ಮ ‘ವಿಲ್ ಹ್ಯಾವ್’ ಕಲಿತ ವರ್ಷ

ಚಳ್ಳಕೆರೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಜೆರಾಕ್ಸ್ ಅಂಗಡಿ. ಎದುರಿಗೆ, ಎರಡು ಸ್ಕೂಟರ್ ಅಕ್ಕಪಕ್ಕ ಹೋಗುವಷ್ಟು ಜಾಗ ಬಿಟ್ಟು, ಸೂರಮ್ಮನ ‘ತೇಜಶ್ರೀ ಲೇಡೀಸ್ ಟೈಲರ್ಸ್’. ತೇಜಶ್ರೀ ಅವಳ ಮಗಳು, ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಸೂರಮ್ಮ ನನಗಿಂತ ನಾಲ್ಕು ವರ್ಷ ಚಿಕ್ಕವಳು, ತಿಪ್ಪೇರುದ್ರ ಎಂಬ ನನ್ನ ಹೆಸರನ್ನು ಮೊಟಕು ಮಾಡಿ ರುದ್ರಣ್ಣ ಅನ್ನುತ್ತಾಳೆ, ಹಾಗಾಗಿ ಏಕವಚನದಲ್ಲೇ ಬರೆಯುತ್ತಿದ್ದೇನೆ. ಹದಿನೇಳು ವರ್ಷದಿಂದ ಎದುರುಬದುರು ಕೂತಿದ್ದೇವೆ. ಇಲ್ಲಿ ಹೇಳುವುದರಲ್ಲಿ ಬಹುಪಾಲು ನಾನು ಕಣ್ಣಾರೆ ಕಂಡದ್ದು. ಉಳಿದದ್ದು ಅವಳ ಗಂಡ ಜಯಣ್ಣ ಟೀ ಕುಡಿಯುತ್ತಾ ಹೇಳಿದ್ದು.

ಅವಳು ಪರಶುರಾಂಪುರದ ಕಡೆಯ ಒಂದು ಹಟ್ಟಿಯವಳು. ಕುರಿ ಸಾಕುವವರ ಮನೆ. ಹತ್ತನೇ ತರಗತಿಯಲ್ಲಿ ಮಿಕ್ಕೆಲ್ಲ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಮೂರು ಸಲ ಫೇಲಾದಳು. ಮೂರನೇ ಸಲ ಫಲಿತಾಂಶ ಬಂದ ವಾರವೇ ಅವಳ ಅಪ್ಪ ಎರಡು ಟಗರು ಮಾರಿ ಒಂದು ಹಳೇ ಹೊಲಿಗೆ ಯಂತ್ರ ತಂದು ನಡುಮನೆಯಲ್ಲಿ ಇಟ್ಟನಂತೆ. “ಇದು ಇಂಗ್ಲಿಷ್ ಕೇಳಲ್ಲ, ಕೂತ್ಕೋ” ಅಂದನಂತೆ. ಅವಳು ಕೂತಳು. ಜಯಣ್ಣನನ್ನು ಮದುವೆಯಾಗಿ ಚಳ್ಳಕೆರೆಗೆ ಬರುವಾಗ ಯಂತ್ರವೂ ಜೊತೆಗೆ ಬಂತು.

ಕೈ ಅಂದರೆ ಸೂರಮ್ಮನದೇ ಕೈ. ಟೇಪು ಕುತ್ತಿಗೆಗೆ ಹಾಕಿಕೊಳ್ಳುವುದು ಬರೀ ಶೋಕಿಗೆ, ಕಣ್ಣಲ್ಲೇ ಅಳತೆ ಹಿಡಿಯುತ್ತಾಳೆ. ಇನ್ನೆರಡು ತಿಂಗಳಲ್ಲಿ ತೂಕ ಇಳಿಸ್ತೀನಿ, ಬಿಗಿಯಾಗೇ ಇಡು ಅಂದವರ ಮಾತಿಗೆ ತಲೆಯಾಡಿಸಿ, ಒಳಗೆ ಎರಡು ಬೆರಳು ಬಟ್ಟೆ ಮಡಿಸಿ ಬಿಟ್ಟಿರುತ್ತಾಳೆ. ಅವಳು ಹೊಲಿದ ರವಿಕೆಯನ್ನು ಹತ್ತು ವರ್ಷ ತೊಟ್ಟವರಿದ್ದಾರೆ.

ಆದರೆ ಹೇಳಿದ ದಿನಕ್ಕೆ ಕೊಟ್ಟದ್ದು ನನ್ನ ನೆನಪಿನಲ್ಲಿ ಇಲ್ಲ. “ನಾಳೆ ಕೊಡ್ತೀನಿ ಕಣಕ್ಕ” ಅನ್ನುತ್ತಿದ್ದಳು. ಅನ್ನುವಾಗ ಅವಳ ಮುಖ ನೋಡಿದರೆ ಯಾರಿಗಾದರೂ ನಂಬಿಕೆ ಬರಬೇಕು, ಏಕೆಂದರೆ ಅವಳಿಗೇ ನಂಬಿಕೆ ಇರುತ್ತಿತ್ತು. ತಳಕಿನ ಅಂಗನವಾಡಿಯ ಶಿಲ್ಪ ಮೇಡಂ ಎರಡು ರವಿಕೆಗೆ ಆರು ಸಲ ಬಸ್ಸು ಹತ್ತಿ ಬಂದು, ಆರು ಸಲವೂ ಬರಿಗೈಲಿ ಹೋಗಿ, ಏಳನೇ ಸಲ ಬರುವಾಗ ಮೂರನೇ ರವಿಕೆಯ ಬಟ್ಟೆ ತಂದಿದ್ದರು. ನನ್ನ ಹೆಂಡತಿಯದೂ ಎರಡು ಅಲ್ಲೇ ಇದ್ದವು. ಎದುರಂಗಡಿ ಅಂತ ರಿಯಾಯಿತಿ ಏನೂ ಇರಲಿಲ್ಲ.

ಸೂರಮ್ಮನ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಇಂಗ್ಲಿಷ್ ಕ್ಲಾಸು ನಡೆಯುತ್ತಿತ್ತು. ಪಾಠ ಮಾಡುವವಳು ಕಾಂಚನಾ, ಮೊಳಕಾಲ್ಮೂರಿನ ಹುಡುಗಿ, ಇಲ್ಲೇ ರೂಮು ಮಾಡಿಕೊಂಡಿದ್ದಳು. ಕಿಟಕಿ ತೆರೆದಿದ್ದರೆ ಸಂಜೆ ಐದಕ್ಕೆ ಮೂವತ್ತು ಜನ ಒಟ್ಟಿಗೆ “ಐ ವಿಲ್ ಗೋ, ಯು ವಿಲ್ ಗೋ, ದೇ ವಿಲ್ ಗೋ” ಅನ್ನುವುದು ಇಡೀ ಓಣಿಗೆ ಕೇಳುತ್ತಿತ್ತು. ಸೂರಮ್ಮ ಅದಕ್ಕೆ ಸರಿಯಾಗಿ ಪೆಡಲ್ ತುಳಿಯುತ್ತಿದ್ದಳು. ಅರ್ಥದ ಗೊಡವೆ ಇರಲಿಲ್ಲ.

ಕಾಂಚನಾಳಿಗೆ ಮದುವೆ ಗೊತ್ತಾಯಿತು. ಹುಡುಗ ರವಿಕಿರಣ್, ಪಶು ಆಸ್ಪತ್ರೆಯಲ್ಲಿ ಕೆಲಸ. ಮುಹೂರ್ತ ಫೆಬ್ರವರಿಯ ಎರಡನೇ ಭಾನುವಾರ, ಮೊಳಕಾಲ್ಮೂರಿನಲ್ಲೇ. ಅವಳ ಅಜ್ಜಿ ಕ್ಯಾತಮ್ಮ ಪಕ್ಕದ ಬೀದಿಯ ಮಾರಯ್ಯನ ಮಗ್ಗದ ಮುಂದೆ ಇಪ್ಪತ್ತು ದಿನ ಕೂತು ಮದುವೆಗೆಂದೇ ರೇಷ್ಮೆ ಸೀರೆ ನೇಯಿಸಿದ್ದಳು, ಅದರ ಅಂಚಿನ ತುಂಬ ನವಿಲು. ಅದನ್ನು ಮುಗಿಸಿ ಮಾರಯ್ಯ ಕಣ್ಣು ಕಾಣುವುದಿಲ್ಲ ಅಂತ ಮಗ್ಗ ಬಿಚ್ಚಿಟ್ಟ. ಸೀರೆಯ ಕೊನೆಯಲ್ಲಿದ್ದ ರವಿಕೆ ಬಟ್ಟೆಯನ್ನು ಕಾಂಚನಾ ದೀಪಾವಳಿ ಮುಗಿದ ವಾರವೇ ಸೂರಮ್ಮನಿಗೆ ಕೊಟ್ಟಳು. ಮೂರು ತಿಂಗಳು ಮೊದಲೇ ಕೊಟ್ಟರೆ ಸಾಕು ಅಂದುಕೊಂಡಿದ್ದಳು ಪಾಪ.

ಡಿಸೆಂಬರಿನ ಒಂದು ಮಧ್ಯಾಹ್ನ ಅವಳು ಮೆಟ್ಟಿಲಿಳಿದು ಬಂದಳು. ಜಗಳಕ್ಕೇ ಬಂದಿದ್ದಳು ಅನ್ನುವುದು ಚಪ್ಪಲಿ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

“ಸೂರಕ್ಕ, ನನ್ನ ಬ್ಲೌಸು?”

“ಹೊಲಿತೀನಿ ಮೇಡಂ.”

“ಹೊಲಿತೀನಿ ಅಂದ್ರೆ ಏನು? ಈಗ ಹೊಲೀತಾ ಇದೀರಾ? ದಿನಾ ಹೊಲಿಯೋದು ನಿಮ್ಮ ಕೆಲ್ಸ ಅಂತಾನಾ? ಇಲ್ಲ ಮುಂದೆ ಯಾವಾಗೋ ಹೊಲೀತೀರಾ?”

ಸೂರಮ್ಮ ಪೆಡಲ್ ನಿಲ್ಲಿಸಿ ನಿಜವಾಗಿಯೂ ಯೋಚಿಸಿದಳು. “ಮೂರೂ ಒಂದೇ ಅಲ್ವ ಮೇಡಂ?”

ಆ ಮಾತಿಗೆ ಕಾಂಚನಾಳ ಒಳಗಿನ ಟೀಚರ್ ಎದ್ದು ಕೂತಳು. ಸ್ಟೂಲು ಎಳೆದುಕೊಂಡು, ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದುಕೊಂಡು, ಕತ್ತರಿಸುವ ಮೇಜಿನ ಮೇಲೇ ಬರೆಯತೊಡಗಿದಳು. ನಾನು ಜೆರಾಕ್ಸ್ ಮಾಡುವುದು ಬಿಟ್ಟು ಬಾಗಿಲಿಗೆ ಬಂದೆ.

“ಇಲ್ನೋಡಿ. ಐ ವಿಲ್ ಸ್ಟಿಚ್. ನಾನು ಈಗ ಕೇಳಿದೆ, ಈಗ ನಿಮ್ಮ ಮನಸ್ಸಿಗೆ ಬಂತು, ಹೊಲಿತೀನಿ ಅಂದ್ರಿ. ಬಾಯಿ ಮಾತು. ಐ ಆಮ್ ಗೋಯಿಂಗ್ ಟು ಸ್ಟಿಚ್. ಇದು ಮೊದ್ಲೇ ತೀರ್ಮಾನ ಆಗಿರೋದು. ನೋಡಿದ್ರೆ ಗುರುತು ಕಾಣ್ಬೇಕು, ಬಟ್ಟೆ ಕತ್ತರಿಸಿ ಇಟ್ಟಿರ್ಬೇಕು. ಐ ಆಮ್ ಸ್ಟಿಚಿಂಗ್ ಇಟ್ ಆನ್ ಮಂಡೇ. ಸೋಮವಾರ ಅಂತ ಡೈರಿಲಿ ಬರೆದು, ಅವತ್ತು ಬೇರೆ ಯಾರ್ದೂ ಇಟ್ಕೊಂಡಿರಲ್ಲ. ಐ ವಿಲ್ ಬಿ ಸ್ಟಿಚಿಂಗ್. ಸೋಮವಾರ ನಾಲ್ಕು ಗಂಟೆಗೆ ನಾನು ಬಂದು ಇಣುಕಿದ್ರೆ ಸೂಜಿ ನನ್ನ ಬಟ್ಟೆ ಮೇಲೇ ಓಡ್ತಿರ್ಬೇಕು. ಕೊನೇದು, ಐ ವಿಲ್ ಹ್ಯಾವ್ ಸ್ಟಿಚ್ಡ್. ನಾಲ್ಕು ಗಂಟೆ ಹೊಡೆಯೋ ಹೊತ್ತಿಗೆ ಹೊಲಿದು, ಹುಕ್ಕು ಹಾಕಿ, ಇಸ್ತ್ರಿ ಮಾಡಿ, ಕವರಲ್ಲಿ ಇಟ್ಟಾಗಿರ್ಬೇಕು.”

ಸೂರಮ್ಮ ಮೇಜಿನ ಮೇಲೆ ಬಗ್ಗಿ ಬೆರಳಿಟ್ಟು ಎಣಿಸಿದಳು. “ಐದಾ!” ಅಂದಳು. ಆಮೇಲೆ ಬೆರಳಿಗೆ ಹತ್ತಿದ ಚಾಕು ಸೆರಗಿಗೆ ಒರೆಸಿಕೊಂಡು, “ನಮಗೆ ಒಂದೇ ಕೊಟ್ಟವ್ರೆ ಮೇಡಂ. ಹೊಲಿತೀನಿ ಅಂತ. ಅದ್ರಲ್ಲೇ ಎಲ್ಲಾ ಸುಧಾರಿಸ್ಬೇಕು. ಅದ್ಕೇ ನೋಡಿ ನಾನು ಸುಳ್ಳುಬುರುಕಿ ಅನ್ನಿಸ್ಕೊಂಡಿದ್ದು” ಅಂದಳು.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಲಗೇಜ್ ಆಟೋ ಓಡಿಸುವ ಜಯಣ್ಣ ಈರುಳ್ಳಿ ಚೀಲ ಇಳಿಸಿ ಊಟಕ್ಕೆ ಬರಬೇಕಾಗಿತ್ತು. “ಬಂದೆ ಬಂದೆ, ಬಂದೇಬಿಟ್ಟೆ” ಅಂದು ಇಟ್ಟ.

“ಬಂದೆ ಅಂದ್ರಲ್ಲ, ಎಲ್ಲಿದಾರೆ?” ಕಾಂಚನಾ ಓಣಿಯ ಕಡೆ ನೋಡಿದಳು.

“ಇನ್ನೂ ತಳಕಿನಲ್ಲೇ ಅವ್ರೆ.”

“ಬಂದೆ ಅನ್ನೋದು ಪಾಸ್ಟ್ ಟೆನ್ಸು ಸೂರಕ್ಕ!”

“ಬಂದೆ ಅಂದ್ರೆ ಇನ್ಮೇಲೆ ಹೊರಡ್ತಾರೆ ಅಂತ. ಬಂದೇಬಿಟ್ಟೆ ಅಂದ್ರೆ ಅದಕ್ಕೂ ಮೊದ್ಲು ಒಂದು ಟೀ ಕುಡೀತಾರೆ ಅಂತ.”

ಕಾಂಚನಾ ಹಣೆಗೆ ಕೈ ಹಚ್ಚಿದಳು. ಚಾಕಿನ ನೀಲಿ ಹಣೆಗೆ ಮೆತ್ತಿಕೊಂಡಿತು.

ಮಾರನೆಯ ಬೆಳಗ್ಗೆ ನಾನು ಶಟರ್ ಎತ್ತುವ ಮೊದಲೇ ಸೂರಮ್ಮ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಐದು ಮೊಳೆ, ಒಂದಕ್ಕೊಂದು ಎರಡು ಗೇಣು ದೂರ. “ರುದ್ರಣ್ಣ, ದಪ್ಪಕ್ಷರದಲ್ಲಿ ಐದು ಚೀಟಿ ಹೊಡ್ಕೊಡು” ಅಂದಳು. ವಿಲ್, ಗೋಯಿಂಗ್ ಟು, ಇಂಗ್, ವಿಲ್ ಬಿ, ವಿಲ್ ಹ್ಯಾವ್. ಕನ್ನಡದಲ್ಲೇ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಕೊಟ್ಟೆ. ಗೂಡಿನಲ್ಲಿ ಗಂಟು ಕಟ್ಟಿ ತುರುಕಿದ್ದ ಬಟ್ಟೆಗಳೆಲ್ಲ ಹೊರಗೆ ಬಂದವು. ಒಂದೊಂದನ್ನೂ ಕೈಯಲ್ಲಿ ಹಿಡಿದು, ತನ್ನನ್ನೇ ಕೇಳಿಕೊಂಡು, ಇದ್ದದ್ದು ಇದ್ದ ಹಾಗೆ ಮೊಳೆಗೆ ತಗುಲಿಹಾಕಿದಳು. ನಲವತ್ಮೂರು ಬಟ್ಟೆಯಲ್ಲಿ ಮೂವತ್ತೆಂಟು ‘ವಿಲ್’ ಮೊಳೆಗೇ ಹೋದವು. ಮೊಳೆ ಬಗ್ಗಿತು. ಅದನ್ನು ಕಿತ್ತು ಅಲ್ಲಿಗೆ ಕಬ್ಬಿಣದ ಗೂಟವನ್ನೇ ಹೊಡೆಸಿದಳು.

ಮೊದಲು ಬಂದವರು ಶಿಲ್ಪ ಮೇಡಂ.

“ನಂದು ಆಯ್ತೇನಮ್ಮಾ?”

“ನಿಮ್ದು ವಿಲ್ಲು ಕಣಕ್ಕ.”

“ಹಂಗಂದ್ರೆ?”

“ಬಾಯಿ ಮಾತು.”

ಶಿಲ್ಪ ಮೇಡಂ ಗೂಟ ನೋಡಿದರು, ಅದರಲ್ಲಿ ತಮ್ಮ ಹಸಿರು ಬಟ್ಟೆ ಗುರುತಿಸಿದರು. “ಆರು ತಿಂಗ್ಳಿಂದ ಬಾಯಿ ಮಾತಾ?”

“ಹೂಂ ಕಣಕ್ಕ. ಮೊದ್ಲು ನಂಗೂ ಗೊತ್ತಿರ್ಲಿಲ್ಲ.”

ಈಗ ದೊಡ್ಡ ರಾದ್ಧಾಂತ ಆಗುತ್ತದೆ ಅಂತ ನಾನು ಕಾದೆ. ಆಗಲಿಲ್ಲ. ಶಿಲ್ಪ ಮೇಡಂ ಒಂದು ಲೋಟ ನೀರು ಕುಡಿದು, “ಇಷ್ಟು ಮೊದ್ಲೇ ಹೇಳಿದ್ದಿದ್ರೆ ಬಸ್ಸಾದ್ರೂ ಹತ್ತುತಿರ್ಲಿಲ್ಲ” ಅಂದು ಸಮಾಧಾನವಾಗೇ ಹೊರಟರು. ಮುಂದಿನ ವಾರ ತಳಕಿನಿಂದಲೇ ಫೋನು ಮಾಡಿ, “ಗೋಯಿಂಗ್ ಟುಗೆ ಬಂತಾ?” ಅಂತ ಕೇಳಿದರು.

ಹೀಗೇ ಎಲ್ಲರಿಗೂ ಅಭ್ಯಾಸವಾಯಿತು. ಯಾರೂ ಯಾವತ್ತು ಕೊಡ್ತೀಯ ಅಂತ ಕೇಳುತ್ತಿರಲಿಲ್ಲ, ಯಾವ ಮೊಳೆ ಅಂತ ಕೇಳುತ್ತಿದ್ದರು. ‘ಇಂಗ್’ ಮೊಳೆಗೆ ಏರಿದವರು ಅಕ್ಕಪಕ್ಕದ ಮನೆಗೆ ಹೇಳಿಕೊಂಡು ಬರುತ್ತಿದ್ದರು. ಕಡಲೆಕಾಯಿ ಕಿತ್ತ ಕಾಲ ಅದು. ಬಡ್ತಿಗೆ ಅಂತ ಒಬ್ಬೊಬ್ಬರೇ ಸೆರಗಿನಲ್ಲಿ ಹಸಿ ಕಡಲೆಕಾಯಿ ಕಟ್ಟಿಕೊಂಡು ಬಂದರು. ಸೂರಮ್ಮ ಕಡಲೆಕಾಯಿ ಇಸಿದುಕೊಳ್ಳುತ್ತಿದ್ದಳು, ಬೇಯಿಸಿ ನಮಗೂ ಕೊಡುತ್ತಿದ್ದಳು, ಬಟ್ಟೆಯನ್ನು ಮಾತ್ರ ಅಲುಗಿಸುತ್ತಿರಲಿಲ್ಲ. “ಕತ್ತರಿ ಬೀಳದೆ ಗೋಯಿಂಗ್ ಟುಗೆ ಹಾಕಿದ್ರೆ ಗ್ರಾಮರ್ ತಪ್ಪಾಗ್ತೈತೆ” ಅನ್ನುತ್ತಿದ್ದಳು. ಒಂದು ದಿನ ಯಾರದೋ ಕತ್ತರಿಸಿದ ರವಿಕೆಗೆ ಲೈನಿಂಗ್ ಸಾಲದೆ ಹೋಯಿತು. ಅದನ್ನು ಮತ್ತೆ ‘ವಿಲ್’ಗೆ ಇಳಿಸಬಹುದೋ ಇಲ್ಲವೋ ಅಂತ ತೀರ್ಪು ಹೇಳಲು ಕಾಂಚನಾ ಪಾಠ ನಿಲ್ಲಿಸಿ ಕೆಳಗೆ ಬರಬೇಕಾಯಿತು. ಬಟ್ಟೆಯ ಒಡತಿ ಕಣ್ಣೀರು ಹಾಕಿಕೊಂಡು ನಿಂತಿದ್ದಳು. ಇಳಿಸುವಂತಿಲ್ಲ ಅಂತ ತೀರ್ಪಾಯಿತು, ಓಣಿಯವರೆಲ್ಲ ನಿಟ್ಟುಸಿರು ಬಿಟ್ಟೆವು.

ಒಂದೇ ತೊಂದರೆ. ಮೊದಲು ದಿನಕ್ಕೆ ನಾಲ್ಕು ರವಿಕೆ ಹೊಲಿಯುತ್ತಿದ್ದವಳು ಈಗ ಒಂದೂವರೆ ಹೊಲಿಯುತ್ತಿದ್ದಳು. ಉಳಿದ ಹೊತ್ತೆಲ್ಲ ಮೊಳೆಯಿಂದ ಮೊಳೆಗೆ ದಾಟಿಸುವುದರಲ್ಲಿ, ಫೋನಿಗೆ ಉತ್ತರ ಹೇಳುವುದರಲ್ಲಿ ಕಳೆಯುತ್ತಿತ್ತು. ಜಯಣ್ಣ ನನ್ನ ಅಂಗಡಿಗೆ ಬಂದು, “ನೋಡಲೇ ರುದ್ರಾ, ಮೊದ್ಲು ಸುಳ್ಳು ಹೇಳ್ಕೊಂಡು ಕೆಲ್ಸ ಮಾಡ್ತಿದ್ಲು. ಈಗ ನಿಜ ಹೇಳ್ಕೊಂಡು ಕೂತವ್ಳೆ” ಅಂದ. ಅವನದೂ ನೆಮ್ಮದಿ ಹೋಗಿತ್ತು. ಫೋನಿನಲ್ಲಿ ಬಂದೆ ಅನ್ನಲು ಬಿಡುತ್ತಿರಲಿಲ್ಲವಂತೆ, ಎಲ್ಲಿದ್ದೀಯೋ ಅದಕ್ಕೆ ಸರಿಯಾದದ್ದು ಹೇಳು ಅನ್ನುತ್ತಿದ್ದಳಂತೆ.

ಕಾಂಚನಾಳ ಬಟ್ಟೆ ಮಾತ್ರ ಗೂಟ ಬಿಟ್ಟು ಕದಲಲಿಲ್ಲ. ಜನವರಿ ಮುಗಿಯುತ್ತಾ ಬಂತು. ಪ್ರತಿದಿನ ಬೆಳಗ್ಗೆ ಸೂರಮ್ಮ ಅದನ್ನು ಕೆಳಗಿಳಿಸಿ, ಮೇಜಿನ ಮೇಲೆ ಹಾಸಿ, ಅಂಚಿನ ನವಿಲುಗಳ ಮೇಲೆ ಕೈಯಾಡಿಸಿ, ಕತ್ತರಿ ಎತ್ತಿ, ಮತ್ತೆ ಕೆಳಗಿಟ್ಟು, ಮಡಿಸಿ ಗೂಟಕ್ಕೆ ತಗುಲಿಹಾಕುವುದನ್ನು ನಾನು ನೋಡುತ್ತಿದ್ದೆ. ಒಂದು ದಿನ ತಡೆಯಲಾರದೆ ಕೇಳಿದೆ.

“ಅಂಚು ಸಾಲಲ್ಲ ರುದ್ರಣ್ಣ” ಅಂದಳು. “ತೋಳಿಗೂ ನವಿಲು ಬೇಕಂತೆ, ಬೆನ್ನಿಗೂ ಬೇಕಂತೆ. ಒಂದು ಬೆರಳು ಆಚೀಚೆ ಆದ್ರೆ ಹೋಯ್ತು. ಇನ್ನೊಂದು ತರಾಣ ಅಂದ್ರೆ ಆ ಯಪ್ಪ ಮಗ್ಗಾನೇ ಬಿಚ್ಚವ್ನೆ.” ಬಟ್ಟೆ ಮಡಿಸುತ್ತಾ ತಾನಾಗಿ ಹೇಳಿದಳು. “ಇಷ್ಟು ವರ್ಷ ಟೈಮಿಲ್ಲ, ಕರೆಂಟಿಲ್ಲ ಅಂತಿದ್ದೆ. ಅದೆಲ್ಲ ಅಲ್ಲ. ಚೆನ್ನಾಗಿರೋ ಬಟ್ಟೆ ಕಂಡ್ರೆ ನಂಗೆ ಕತ್ತರಿ ಹಾಕಾಕೆ ಭಯ. ಅದು ಗೋಯಿಂಗ್ ಟು ಬಂದ್ಮೇಲೇ ತಿಳೀತು.”

ನನ್ನ ಹೆಂಡತಿಯ ಎರಡು ರವಿಕೆ ಕೊನೆಗೂ ಸಿಕ್ಕಿದ್ದು ಆ ವಾರವೇ. ಬಟ್ಟೆ ಅಷ್ಟೇನೂ ಚೆನ್ನಾಗಿರಲಿಲ್ಲ ಅಂತ ಅರ್ಥ ಮಾಡಿಕೊಂಡೆ.

ಮದುವೆಗೆ ವಾರವಿರುವಾಗ ಕಾಂಚನಾ ರಜೆ ಹಾಕಿ ಊರಿಗೆ ಹೊರಟಳು. ಹೊರಡುವ ಮುಂಚೆ ಒಂದು ಹಾಳೆ ತಂದು ಸೂರಮ್ಮನ ಮುಂದಿಟ್ಟಳು. “ಬರೆದು ಸಹಿ ಹಾಕಿ. ಬೈ ದ ಟೈಮ್ ರವಿಕಿರಣ್ ಟೈಸ್ ದ ತಾಳಿ, ಐ ವಿಲ್ ಹ್ಯಾವ್ ಸ್ಟಿಚ್ಡ್ ದ ಬ್ಲೌಸ್.”

ಸೂರಮ್ಮ ಅಕ್ಷರ ಅಕ್ಷರ ಜೋಡಿಸಿ ಬರೆದು, ಪೆನ್ನು ಎತ್ತಿ ಹಿಡಿದಳು. “ಟೈಸ್ ಅಂದ್ರೆ ದಿನಾ ಕಟ್ಟೋದಲ್ವ ಮೇಡಂ? ತಾಳಿ ಕಟ್ಟೋದು ಮುಂದಿನ ಭಾನುವಾರ. ಅದಕ್ಕೂ ವಿಲ್ ಬೇಡ್ವಾ?”

“ಬೈ ದ ಟೈಮ್ ಆದ್ಮೇಲೆ ವಿಲ್ ಹಾಕಂಗಿಲ್ಲ. ಅದು ಆಗೇ ಆಗುತ್ತೆ ಅಂತ ಲೆಕ್ಕ.”

“ಹಂಗಾದ್ರೆ ಮದುವೆ ಗ್ಯಾರಂಟಿ, ಜಾಕೀಟು ಡೌಟು ಅಂತ ಬರೆದಂಗಾಯ್ತು.”

“ಇರೋದೇ ಹಂಗೆ” ಅಂದಳು ಕಾಂಚನಾ, ಬ್ಯಾಗು ಹೆಗಲಿಗೇರಿಸುತ್ತಾ.

ಆ ಹಾಳೆಯನ್ನು ನಾನು ಮೂರು ಪ್ರತಿ ಜೆರಾಕ್ಸ್ ಮಾಡಿದೆ. ಒಂದು ಕಾಂಚನಾಳಿಗೆ, ಒಂದು ಗೋಡೆಗೆ. ಇನ್ನೊಂದನ್ನು ಜಯಣ್ಣ ಆಟೋದಲ್ಲಿ ಇಟ್ಟುಕೊಂಡ, ಯಾತಕ್ಕೆ ಅಂತ ನನಗೆ ಈವತ್ತಿಗೂ ಗೊತ್ತಿಲ್ಲ.

ಶನಿವಾರ ಬಂದರೂ ಬಟ್ಟೆಗೆ ಕತ್ತರಿ ಬಿದ್ದಿರಲಿಲ್ಲ. ಸಂಜೆ ಸೂರಮ್ಮ ಒಂದು ತೀರ್ಮಾನಕ್ಕೆ ಬಂದಳು. “ಆ ಹುಡುಗಿ ಎದುರಿಗೆ ನಿಂತಿದ್ರೆ ಕೈ ಹೋಗ್ತೈತೆ. ಮಿಷನ್ನೇ ತಗೊಂಡೋಗಾಣ.”

ಭಾನುವಾರ ಬೆಳಗ್ಗೆ ಆರಕ್ಕೆ ಜಯಣ್ಣನ ಲಗೇಜ್ ಆಟೋ ಹೊರಟಿತು. ಮುಂದೆ ಗಂಡ ಹೆಂಡತಿ, ಹಿಂದೆ ಹೊಲಿಗೆ ಯಂತ್ರ, ಅದು ಬೀಳದ ಹಾಗೆ ತಬ್ಬಿಕೊಂಡು ನಾನು. ಮದುವೆಗೆ ನನ್ನನ್ನೂ ಕರೆದಿದ್ದರು, ಆದರೆ ಹೀಗೆ ಹೋಗುತ್ತೇನೆ ಅಂದುಕೊಂಡಿರಲಿಲ್ಲ. ಮೊಳಕಾಲ್ಮೂರಿಗೆ ತಿರುಗುವ ಹಾನಗಲ್ ಇನ್ನೂ ಎರಡು ಕಿಲೋಮೀಟರ್ ಇರುವಾಗ ಟೈರು ಪಂಕ್ಚರ್ ಆಯಿತು. ಕಾಂಚನಾ ಫೋನು ಮಾಡಿದಳು. ಜಯಣ್ಣ ಜಾಕ್ ಹಾಕುತ್ತಾ ಕೂಗಿದ, “ಬಂದೆವು ಅನ್ನೇ!” ಸೂರಮ್ಮ ಅವನನ್ನು ಒಂದು ನೋಟ ನೋಡಿ, ಫೋನಿಗೆ, “ವಿ ಆರ್ ಗೋಯಿಂಗ್ ಟು ಕಮ್ ಮೇಡಂ. ಗುರುತು ಕಾಣ್ತಾ ಐತೆ” ಅಂದಳು.

ಕಲ್ಯಾಣ ಮಂಟಪ ಸೇರಿದಾಗ ಒಂಬತ್ತು ಗಂಟೆ. ಮುಹೂರ್ತ ಹತ್ತೂ ಇಪ್ಪತ್ತರಿಂದ ಹತ್ತೂ ನಲವತ್ತನಾಲ್ಕರವರೆಗೆ. ವಧುವಿನ ಕೋಣೆಯ ಹೊರಗಿನ ಪಡಸಾಲೆಯಲ್ಲಿ ಯಂತ್ರ ಇಳಿಸಿದೆವು. ಕಾಂಚನಾ ತಲೆಗೆ ಹೂ ಮುಡಿದು, ಮೈಗೆ ಶಾಲು ಹೊದ್ದು ಬಾಗಿಲಲ್ಲಿ ನಿಂತಳು. ಸೂರಮ್ಮ ಬಟ್ಟೆ ಹಾಸಿದಳು, ಕತ್ತರಿ ಎತ್ತಿದಳು, ಮತ್ತೆ ಕೆಳಗಿಟ್ಟಳು.

ಬಟ್ಟೆಯ ಇನ್ನೊಂದು ತುದಿಯನ್ನು ಅಜ್ಜಿ ಕ್ಯಾತಮ್ಮ ಬಂದು ಹಿಡಿದುಕೊಂಡಳು. ಆ ಕಡೆಯ ಹಳಬರೆಲ್ಲ ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾರೆ. “ಕೊಯ್ಯಮ್ಮಾ, ಗುಡ್ಡನೇ ಗದಾ, ಪಾಮು ಕಾದು. ಬಟ್ಟೆ ಕಣವ್ವ, ಹಾವಲ್ಲ” ಅಂದಳು.

ಕತ್ತರಿ ಬಿತ್ತು. ಒಂದು ಸಲ ಬಿದ್ದ ಮೇಲೆ ಸೂರಮ್ಮನನ್ನು ಹಿಡಿಯುವವರಿರಲಿಲ್ಲ. ಯಂತ್ರದ ಸದ್ದು ಓಲಗಕ್ಕೆ ಪೈಪೋಟಿ ಕೊಟ್ಟಿತು.

ಅಲ್ಲಿಗೆ ಬಂದರು ಮುದ್ದಪ್ಪನವರು. ರವಿಕಿರಣನ ಸೋದರಮಾವ, ನಿವೃತ್ತ ಹೆಡ್‌ಮಾಸ್ಟರು, ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಪಾಠ ಹೇಳಿದವರು. ಹುಡುಗಿ ಯಾಕೆ ಹೊರಗೆ ಬರಲಿಲ್ಲ ಅಂತ ವಿಚಾರಿಸಲು ಬಂದವರ ಕಣ್ಣು ಸೂರಮ್ಮ ಯಂತ್ರಕ್ಕೆ ದಾರ ಕಟ್ಟಿ ನೇತುಹಾಕಿದ್ದ, ಸಹಿಯ ಅಸಲು ಹಾಳೆಯ ಮೇಲೆ ಬಿತ್ತು. ಕನ್ನಡಕ ಏರಿಸಿ ಓದಿದರು.

“ಇದು ತಪ್ಪು” ಅಂದರು. “ಫಸ್ಟ್ ಪರ್ಸನ್‌ಗೆ ಶಲ್ ಬರ್ಬೇಕು. ಐ ಶಲ್ ಹ್ಯಾವ್ ಸ್ಟಿಚ್ಡ್.”

“ಈಗ ಯಾರೂ ಶಲ್ ಅನ್ನಲ್ಲ ಸಾರ್!” ಬಾಗಿಲ ಹಿಂದಿನಿಂದ ಕಾಂಚನಾ ಕೂಗಿದಳು.

“ಯಾರಮ್ಮ ಅದು?”

“ನಾನೇ ಸಾರ್, ಮದುಮಗಳು!”

“ಮದುಮಗಳಾದ್ರೇನು, ಗ್ರಾಮರ್ ಬದಲಾಗುತ್ತಾ?”

ಸೂರಮ್ಮ ತಲೆ ಎತ್ತದೆ ಹೇಳಿದಳು. “ಶಲ್ಲೋ ವಿಲ್ಲೋ, ಇದ್ರ ಪ್ರಕಾರ ನಂದು ಮುಗಿಯೋಗಂಟ ತಾಳಿ ಕಟ್ಟಂಗಿಲ್ಲ ಸಾರ್.”

“ಹಂಗೆ ಎಲ್ಲೈತಮ್ಮ ಇದ್ರಲ್ಲಿ?” ಮುದ್ದಪ್ಪನವರು ಬೆರಳಿಟ್ಟು ತೋರಿಸಿದರು. “ಟೈಸ್. ಸಿಂಪಲ್ ಪ್ರೆಸೆಂಟ್. ತಾಳಿ ಅದ್ರ ಪಾಡಿಗೆ ಅದು ಕಟ್ಟಿಸ್ಕೊಳ್ತೈತೆ. ಓಡಿ ಮುಟ್ಟೋ ಜವಾಬ್ದಾರಿ ನಿಂದು, ಕಾಯೋ ಜವಾಬ್ದಾರಿ ತಾಳೀದಲ್ಲ.”

ಇದು ಊಟದ ಮನೆಯವರೆಗೂ ಹಬ್ಬಿತು. ಗಂಡಿನ ಕಡೆಯವರು ಶಲ್ ಅಂದರು, ಹೆಣ್ಣಿನ ಕಡೆಯವರು ವಿಲ್ ಅಂದರು, ಇವೆರಡೂ ಏನು ಅಂತ ಗೊತ್ತಿಲ್ಲದವರೇ ಹೆಚ್ಚು ಜೋರಾಗಿ ಅಂದರು. ಹಸೆಮಣೆಯ ಮೇಲೆ ಒಬ್ಬನೇ ಕೂತಿದ್ದ ರವಿಕಿರಣ್, “ಹುಡುಗಿ ಎಲ್ಲಿ?” ಅಂತ ಪಕ್ಕದವನನ್ನು ಕೇಳಿದ. “ಒಳಗೆ ಗ್ರಾಮರ್ ನಡೀತೈತೆ, ಕೂತ್ಕೋ” ಅಂದನಂತೆ ಅವನು. ಪುರೋಹಿತರು ಗಡಿಯಾರ ನೋಡಿ ಮಂತ್ರದ ನಡುವೆಯೇ ಕೂಗಿ ಹೇಳಿದರು, “ಹತ್ತೂ ನಲವತ್ತನಾಲ್ಕು ದಾಟಿದ್ರೆ ನನ್ನ ಹತ್ರ ಯಾವ ಟೆನ್ಸೂ ಇಲ್ಲ!”

“ಅಯಿಪೋಯಿಂದಾ? ಆಯ್ತಾ?” ಅಂತ ಅಜ್ಜಿ ನಿಮಿಷಕ್ಕೊಂದು ಸಲ ಎರಡೂ ಭಾಷೆಯಲ್ಲಿ ಕೇಳುತ್ತಿದ್ದಳು.

ಹತ್ತೂ ಮೂವತ್ತಾರಕ್ಕೆ ಕೊನೆಯ ಹೊಲಿಗೆ ಮುಗಿಯಿತು. ಆರು ಹುಕ್ಕು ಬಾಕಿ. ಕೂತು ಹಾಕುವಷ್ಟು ಹೊತ್ತಿರಲಿಲ್ಲ. ಕಾಂಚನಾ ಒಳಗೆ ಹೋಗಿ ರವಿಕೆ ತೊಟ್ಟಳು. ಅದು ಹಿಂದೆ ಹುಕ್ಕು ಬರುವ ರವಿಕೆ. ಪಿನ್ನು ಹಾಕಿ ಸೀರೆ ಸುತ್ತಿ ಕರೆತಂದರು. ಅವಳ ಹಿಂದೆ, ಬೆನ್ನಿಗೆ ಅಂಟಿಕೊಂಡ ಹಾಗೆ, ಸೂರಮ್ಮ ಸೂಜಿ ಹಿಡಿದು ನಡೆದಳು. ನಡೆಯುತ್ತಾ ಒಂದು ಹುಕ್ಕು, ಮೆಟ್ಟಿಲಲ್ಲಿ ಒಂದು. ಅಂತರಪಟ ಹಿಡಿದಾಗ ಮೂರನೆಯದು, ಜೀರಿಗೆ ಬೆಲ್ಲ ತಲೆಗಿಡುವಾಗ ನಾಲ್ಕನೆಯದು. ಐದನೆಯದರ ದಾರ ಹಲ್ಲಲ್ಲಿ ಕಚ್ಚಿ ಹರಿದಳು, ಆರನೆಯದಕ್ಕೆ ಸೂಜಿ ಚುಚ್ಚಿದಳು. ಗಟ್ಟಿಮೇಳ ಮೊಳಗಿತು. ರವಿಕಿರಣ್ ತಾಳಿ ಕಟ್ಟಲು ಕೈಯನ್ನು ಅವಳ ಕುತ್ತಿಗೆಯ ಹಿಂದೆ ತಂದಾಗ ಅಲ್ಲಿ ಸೂರಮ್ಮನ ಕೈ ಇತ್ತು. ಅವನು ಮೇಲೆ ಗಂಟು ಹಾಕಿದ, ಅವಳು ಕೆಳಗೆ ಗಂಟು ಹಾಕಿದಳು. ಸೂರಮ್ಮ ಇಲ್ಲದ ಫೋಟೋ ಆ ಮದುವೆಯಲ್ಲಿ ಒಂದೂ ಇಲ್ಲ.

“ಮುಗೀಲಿಲ್ಲ!” ಅಕ್ಷತೆ ಎಸೆಯುತ್ತಾ ಮುದ್ದಪ್ಪನವರು ಕೂಗಿದರು. “ತಾಳಿ ಬಿದ್ದಾಗ ಸೂಜಿ ಓಡ್ತಿತ್ತು! ಇದು ವಿಲ್ ಹ್ಯಾವ್ ಅಲ್ಲ, ವಿಲ್ ಬಿ!”

ಎಲ್ಲರೂ ನಕ್ಕರು. ಸೂರಮ್ಮ ನಗಲಿಲ್ಲ. ಹುಕ್ಕು ಮುಗಿಸಿ, ಮೆಲ್ಲಗೆ ಕೆಳಗಿಳಿದು, ಊಟದ ಮನೆಯ ಕಂಬಕ್ಕೆ ಒರಗಿ ಕೂತಳು. ಎಲೆ ಹಾಕಿದರೂ ಏಳಲಿಲ್ಲ. ಜಯಣ್ಣ ಕರೆದ, ನಾನು ಕರೆದೆ. ಕಣ್ಣು ತುಂಬಿಕೊಂಡಿದ್ದವು.

ಸ್ವಲ್ಪ ಹೊತ್ತಿಗೆ ಹೂವಿನ ಹಾರ ಹಾಕಿಕೊಂಡೇ ಕಾಂಚನಾ ಬಂದಳು, ಹಿಂದೆ ರವಿಕಿರಣ್.

“ಹದಿನೇಳು ವರ್ಷ ನಾಳೆ ನಾಳೆ ಅಂದೆ ಮೇಡಂ” ಅಂದಳು ಸೂರಮ್ಮ. “ಒಂದಿನಾನೂ ಸುಳ್ಳು ಹೇಳಿದೆ ಅನ್ನಿಸಿರ್ಲಿಲ್ಲ. ಇವತ್ತು ಅನ್ನಿಸ್ತೈತೆ. ಸಹಿ ಹಾಕಿದ್ನಲ್ಲ.”

ಕಾಂಚನಾ ಬೆನ್ನು ತಿರುಗಿಸಿ ನಿಂತಳು. ಆಗಲೇ ನಾನೂ ಸರಿಯಾಗಿ ನೋಡಿದ್ದು. ಹುಕ್ಕಿನ ಸಾಲಿನ ಎರಡು ಕಡೆಯಿಂದಲೂ ನವಿಲುಗಳು ಎದುರುಬದುರಾಗಿ ಬಂದು, ನಡುವೆ ಎರಡು ಕೊಕ್ಕು ಮುಟ್ಟಿಕೊಂಡಿದ್ದವು. ಎಲ್ಲಿ ಕತ್ತರಿಸಿದ್ದು, ಎಲ್ಲಿ ಕೂಡಿಸಿದ್ದು ಗೊತ್ತಾಗುತ್ತಿರಲಿಲ್ಲ. ತೋಳಿನಲ್ಲೂ ನವಿಲಿದ್ದವು. ಒಂದು ಬೆರಳು ಬಟ್ಟೆ ಹೆಚ್ಚೂ ಆಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ.

“ಪೆನ್ನು ಕೊಡ್ರಿ” ಅಂತ ಗಂಡನ ಜೇಬಿನಿಂದ ಪೆನ್ನು ಕಿತ್ತುಕೊಂಡು, ಕಾಂಚನಾ ಆ ಹಾಳೆಯ ಸಾಲಿಗೆ ಅಡ್ಡಗೆರೆ ಎಳೆದು ಕೆಳಗೆ ಬರೆದಳು. “ಐ ವಾಸ್ ಸ್ಟಿಚಿಂಗ್ ವೆನ್ ಹಿ ಟೈಡ್ ದ ತಾಳಿ. ಓದಿ ಸೂರಕ್ಕ. ಇದ್ರಲ್ಲಿ ತಪ್ಪೈತಾ?”

ಸೂರಮ್ಮ ಅಕ್ಷರ ಕೂಡಿಸಿ ಓದಿದಳು. “ಇಲ್ಲ. ನಡೆದಿದ್ದೇ ಹಿಂಗೆ.”

“ಹಂಗಾದ್ರೆ ಸಹಿ ಹಾಕಿ ಊಟ ಮಾಡಿ.”

ಸಹಿ ಹಾಕಿ ಎದ್ದಳು. ಎರಡು ಹೋಳಿಗೆ ತಿಂದು, ಮೂರನೆಯದು ಹಾಕಿಸಿಕೊಂಡಳು.

ಹದಿನೈದು ದಿನಕ್ಕೆ ಕಾಂಚನಾ ವಾಪಸ್ಸು ಬಂದು ಕ್ಲಾಸು ಶುರು ಮಾಡಿದಳು. ಸೂರಮ್ಮ ಮೊಳೆಗಳಲ್ಲಿ ಮೂರನ್ನು ಕಿತ್ತುಹಾಕಿದಳು, ‘ವಿಲ್’ ಗೂಟ ಮತ್ತು ಕೊನೆಯ ‘ವಿಲ್ ಹ್ಯಾವ್’ ಮೊಳೆ ಮಾತ್ರ ಉಳಿದವು. ಕೆಲವು ಗಿರಾಕಿಗಳು ಗಲಾಟೆ ಮಾಡಿದರು, ಒಬ್ಬಾಕೆ ತನ್ನ ‘ಇಂಗ್’ ವಾಪಸ್ಸು ಕೊಡಬೇಕು ಅಂತ ಹಟ ಹಿಡಿದಳು. ಶಿಲ್ಪ ಮೇಡಂ ಅವರ ಮೂರೂ ರವಿಕೆ ಯುಗಾದಿಗೆ ಸಿಕ್ಕವು. ಕೆಲಸ ಈಗಲೂ ತಡವೇ, ಆದರೆ ಒಳ್ಳೆಯ ಬಟ್ಟೆ ಬಂದರೆ ಸೂರಮ್ಮ ಎದುರಿಗೇ ಒಡತಿಯನ್ನು ನಿಲ್ಲಿಸಿಕೊಂಡು, ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆದು, ಕಣ್ಣುಮುಚ್ಚಿ ಮೊದಲ ಕತ್ತರಿ ಹಾಕಿಬಿಡುತ್ತಾಳೆ.

ಮದುವೆಯಾದ ಮೂರನೇ ಮಂಗಳವಾರ ಮುದ್ದಪ್ಪನವರು ಬಸ್ಸಿಳಿದು ಓಣಿಗೆ ಬಂದರು. ಕಂಕುಳಲ್ಲಿ ಶರ್ಟಿನ ಬಟ್ಟೆ.

“ನಾನು ಲೇಡೀಸ್ ಟೈಲರ್ರು ಸಾರ್” ಅಂದಳು ಸೂರಮ್ಮ.

“ಗೊತ್ತು. ಹೊಲಿತೀಯೋ ಇಲ್ವೋ? ಶಲ್ ಅಂತ ಹೇಳು ಸಾಕು.”

“ವಿಲ್ ಸಾರ್.”

“ಶಲ್!”

ಇಬ್ಬರೂ ಅರ್ಧ ಗಂಟೆ ವಾದ ಮಾಡಿದರು. ನಾನು ಟೀ ತರಿಸಿದೆ. ಅಲ್ಲಿಂದ ಪ್ರತಿ ಮಂಗಳವಾರವೂ ಬಂದರು. ಮನೆಯಲ್ಲಿ ಅವರ ಜೊತೆ ಇಂಗ್ಲಿಷ್ ಬಗ್ಗೆ ಜಗಳ ಆಡುವವರು ಯಾರೂ ಇಲ್ಲ ಅಂತ ಒಮ್ಮೆ ನನ್ನ ಹತ್ತಿರ ಹೇಳಿದರು. ಬಟ್ಟೆ ಗೂಟದಲ್ಲೇ ಇದೆಯೋ ಅಂತ ನೋಡಿ, ಇದ್ದರೆ ಖುಷಿಯಾಗಿ, ಮೇಲಿನ ಕ್ಲಾಸಿಗೆ ಕೇಳುವ ಹಾಗೆ ಶಲ್ಲಿನ ಪರವಾಗಿ ಮಾತಾಡಿ, ಐದೂವರೆಯ ಬಸ್ಸಿಗೆ ಹೋಗುತ್ತಿದ್ದರು.

ಸೂರಮ್ಮನಿಗೆ ಇದು ತಿಳಿಯಲಿಲ್ಲವೋ, ವಾರವಾರವೂ ಬಸ್ಸು ಹತ್ತಿ ಬರುತ್ತಾರಲ್ಲ ಅಂತ ಮರುಕ ಬಂತೋ, ಮೇ ತಿಂಗಳಲ್ಲಿ ಶರ್ಟು ಹೊಲಿದು ಕವರಿನಲ್ಲಿ ಹಾಕಿ ಕೊಟ್ಟುಬಿಟ್ಟಳು. ಮುದ್ದಪ್ಪನವರ ಮುಖ ಸಣ್ಣದಾಯಿತು. ಅವತ್ತು ವಾದ ಮಾಡದೆ ಬೇಗ ಹೊರಟರು. ಮುಂದಿನ ಮಂಗಳವಾರ ಅದೇ ಶರ್ಟು ಹಾಕಿಕೊಂಡು ಬಂದರು. ಕಾಲರು ಸೊಗಸಾಗಿ ಕೂತಿತ್ತು, ಭುಜ ಅಳೆದಿಟ್ಟ ಹಾಗಿತ್ತು, ಗುಂಡಿಗಳು ಮಾತ್ರ ಹೆಂಗಸರ ಬಟ್ಟೆಯ ಹಾಗೆ ಎಡಕ್ಕೆ ಬಂದಿದ್ದವು. ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಚೀಲದಿಂದ ಇನ್ನೊಂದು ಶರ್ಟಿನ ಬಟ್ಟೆ ತೆಗೆದು ಮೇಜಿನ ಮೇಲಿಟ್ಟು, “ಇದಕ್ಕೆ ಏನೂ ಅವಸರ ಇಲ್ಲಮ್ಮ” ಅಂದರು.